ಸ್ಟುಟ್‌ಗಾರ್ಟ್‌ಗೆ ಓದಲು ಬರುತ್ತಿದ್ದೀರಾ? ಕ್ಲಾಸ್ ಮುಗಿದ ಮೇಲಿನ ಬದುಕಿನ ಬಗ್ಗೆ ಒಂದಿಷ್ಟು ಮಾತು

ಅಕ್ಟೋಬರ್ ಬಂತೆಂದರೆ ನಮ್ಮ ಕ್ಯಾಂಪಸ್ ಇರುವ ಸ್ಟುಟ್‌ಗಾರ್ಟ್‌ನ ಬಡಾವಣೆ ಫೈಹಿಂಗನ್‌ನ ಯೂನಿವರ್ಸಿಟಿ ಸ್ಟೇಷನ್ನಿನಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ದೊಡ್ಡ ಸೂಟ್‌ಕೇಸ್, ಬೆನ್ನಿಗೊಂದು ಬ್ಯಾಗ್, ಕಿವಿಗೆ ಒತ್ತಿಕೊಂಡ ಫೋನ್. "ಬಂದು ತಲುಪಿದೆ ಅಮ್ಮಾ, ಚಳಿ ಅಷ್ಟೇನಿಲ್ಲ" ಅನ್ನುವ ಮಾತು. ಹನ್ನೊಂದು ವರ್ಷದ ಹಿಂದೆ ನಾನೂ ಅದೇ ಸ್ಟೇಷನ್ನಿನಲ್ಲಿ ಇಳಿದವನು. ಮಾಸ್ಟರ್ಸ್ ಮುಗಿಸಿ, ಕೆಲಸ ಹಿಡಿದು, ಈಗ ಇಲ್ಲೇ ಮನೆ ಮಾಡಿಕೊಂಡಿದ್ದೇನೆ.

ಹೊಸಬರು ನಮ್ಮನ್ನು ಕೇಳುವುದು ವೀಸಾ, ರೂಮು, ದುಡ್ಡಿನ ವಿಷಯ. ಕೇಳಲೇಬೇಕಾದದ್ದು ಅದು. ಕ್ಲಾಸ್ ಮುಗಿದ ಮೇಲೆ ಸಂಜೆ ಏನು ಮಾಡಲಿ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನಾನು ನೋಡಿದ ಹಾಗೆ, ಇಲ್ಲಿ ನೆಮ್ಮದಿಯಾಗಿ ಓದಿ ಮುಗಿಸಿದವರು ಸಂಜೆಯ ವಿಷಯವನ್ನು ಬೇಗ ಬಗೆಹರಿಸಿಕೊಂಡವರು. ಈ ಬರಹದಲ್ಲಿ ಜಾಸ್ತಿ ಮಾತು ಅದರ ಬಗ್ಗೆಯೇ.

ಅದಕ್ಕೂ ಮೊದಲು ಲೆಟರ್‌ಬಾಕ್ಸ್. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಕೊಟ್ಟವರು ಸಹಿ ಮಾಡಿದ ಪತ್ರ ಬೇಕು, ಅದನ್ನು ಕೀಲಿಕೈ ಪಡೆಯುವ ದಿನವೇ ಕೇಳಿ ಇಟ್ಟುಕೊಳ್ಳಿ. ತೆರಿಗೆ ನಂಬರು, ಬ್ಯಾಂಕ್ ಕಾರ್ಡು, ಇನ್ಶೂರೆನ್ಸ್ ಕಾರ್ಡು ಎಲ್ಲ ಅಂಚೆಯಲ್ಲೇ ಬರುತ್ತವೆ. ಡಬ್ಬದ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಅಂಚೆಯವರು ಹಾಕುವುದಿಲ್ಲ, ವಾಪಸ್ ಕಳಿಸುತ್ತಾರೆ. ನಮ್ಮವರಿಗೆ ಇಲ್ಲೊಂದು ವಿಶೇಷ ತೊಂದರೆ ಇದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬಿಡಿಸಿ ಬರೆದಿರುತ್ತೇವೆ. ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿರುತ್ತದೆ. ನಾನು ಡಬ್ಬದ ಮೇಲೆ ಮನೆಯಲ್ಲಿ ಕರೆಯುವ ಹೆಸರು ಬರೆದು ಅಂಟಿಸಿದ್ದೆ. ಪತ್ರಗಳು ಅಪ್ಪನ ಹೆಸರಿಗೆ ಬರುತ್ತಿದ್ದವು. ನನ್ನ ಬ್ಯಾಂಕ್ ಕಾರ್ಡು ಎರಡು ಸಲ ವಾಪಸ್ ಹೋಯಿತು. ಹಾಗಾಗಿ ಪಾಸ್‌ಪೋರ್ಟ್‌ನಲ್ಲಿ ಇರುವ ಎರಡೂ ಹೆಸರನ್ನು ದೊಡ್ಡದಾಗಿ ಬರೆದು ಅಂಟಿಸಿ. ಕರೆಗಂಟೆಯ ಪಕ್ಕದಲ್ಲೂ ಇರಲಿ.

ದುಡ್ಡಿನ ಲೆಕ್ಕ ಬರುವ ಮುಂಚೆಯೇ ಹಾಕಿರುತ್ತೀರಿ. 2024ರ ಸೆಪ್ಟೆಂಬರ್‌ನಿಂದ ಬ್ಲಾಕ್ಡ್ ಅಕೌಂಟಿನಲ್ಲಿ (ವೀಸಾಕ್ಕಾಗಿ ಮೊದಲೇ ದುಡ್ಡು ಇಟ್ಟು, ತಿಂಗಳಿಗೆ ಇಷ್ಟೇ ಅಂತ ತೆಗೆಯುವ ಖಾತೆ) ವರ್ಷಕ್ಕೆ 11,904 ಯೂರೋ ತೋರಿಸಬೇಕು. ತಿಂಗಳಿಗೆ 992 ಯೂರೋ ಕೈಗೆ ಬರುತ್ತದೆ. ನಮ್ಮ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ 2017ರ ಚಳಿಗಾಲದಿಂದ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕವೂ ಇದೆ. ಜರ್ಮನಿಯಲ್ಲಿ ಓದು ಫ್ರೀ ಅಂತ ಕೇಳಿಕೊಂಡು ಬಂದವರು ಇಲ್ಲಿ ಗಾಬರಿಯಾಗುವುದನ್ನು ನೋಡಿದ್ದೇನೆ. ಮನೆಯವರಿಗೂ ಮೊದಲೇ ಹೇಳಿ.

ಇನ್ನು ಕ್ಲಾಸು. ಟೈಮ್‌ಟೇಬಲ್‌ನಲ್ಲಿ ಗಂಟೆಯ ಪಕ್ಕದಲ್ಲಿ ಸಿ.ಟಿ. ಅಂತ ಇದ್ದರೆ ಕಾಲು ಗಂಟೆ ತಡವಾಗಿ ಶುರು. ಎಸ್.ಟಿ. ಅಂತ ಇದ್ದರೆ ಹೇಳಿದ ಗಂಟೆಗೆ ಸರಿಯಾಗಿ ಶುರು. ಪಾಠ ಮುಗಿದಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣಿನಿಂದ ಬೆಂಚು ಕುಟ್ಟುತ್ತಾರೆ. ಇನ್ನೂರು ಜನ ಒಟ್ಟಿಗೆ ಕುಟ್ಟಿದಾಗ ತಗಡಿನ ಮಾಡಿನ ಮೇಲೆ ಜೋರು ಮಳೆ ಬಿದ್ದ ಹಾಗೆ ಕೇಳಿಸುತ್ತದೆ. ಮೊದಲ ದಿನ ಆ ಸದ್ದು ಕೇಳಿ ನನಗೆ ನಮ್ಮೂರ ಮನೆ ನೆನಪಾಗಿತ್ತು.

ಹೆಚ್ಚಿನ ಲೆಕ್ಚರ್‌ಗಳಲ್ಲಿ ಹಾಜರಿ ಇಲ್ಲ, ಇಂಟರ್ನಲ್ಸ್ ಇಲ್ಲ. ಅಕ್ಟೋಬರ್ ಮಧ್ಯದಿಂದ ಫೆಬ್ರವರಿವರೆಗೆ ಪಾಠ, ಆಮೇಲೆ ಒಂದೇ ಪರೀಕ್ಷೆ. ಎಷ್ಟೋ ವಿಷಯಗಳಲ್ಲಿ ಪೂರ್ತಿ ಅಂಕ ಆ ಒಂದು ಪರೀಕ್ಷೆಯದ್ದೇ. ನಮ್ಮಲ್ಲಿ ಪರೀಕ್ಷೆಗೆ ಹಿಂದಿನ ತಿಂಗಳು ಕೂತು ಓದಿ ಪಾಸಾದ ಅಭ್ಯಾಸ ಇರುತ್ತದಲ್ವಾ? ಅದು ಇಲ್ಲಿ ನಡೆಯುವುದಿಲ್ಲ. ಪರೀಕ್ಷೆಗೆ ನೀವೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು, ಆ ಅವಧಿ ದಾಟಿದರೆ ಕೂರಲು ಬಿಡುವುದಿಲ್ಲ. ಅಂಕ ತಿರುಗುಮುರುಗು: 1.0 ಎಲ್ಲಕ್ಕಿಂತ ಒಳ್ಳೆಯದು, 4.0 ಬರೀ ಪಾಸು, 5.0 ಫೇಲು. ಒಂದು ವಿಷಯವನ್ನು ಎಷ್ಟು ಸಲ ಬರೆಯಬಹುದು ಅನ್ನುವುದಕ್ಕೂ ಮಿತಿ ಇದೆ. ಮಿತಿ ದಾಟಿ ಫೇಲಾದರೆ ಕೋರ್ಸೇ ಕೈತಪ್ಪಿ ಹೋಗುತ್ತದೆ. ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿಯನ್ನು ಮೊದಲ ವಾರವೇ ಓದಿ. ಜರ್ಮನ್‌ನಲ್ಲಿದ್ದರೆ ಯಾರ ಹತ್ತಿರವಾದರೂ ಓದಿಸಿಕೊಳ್ಳಿ.

ಈಗ ಸಂಜೆಯ ಮಾತಿಗೆ ಬರೋಣ.

ಯೂನಿವರ್ಸಿಟಿಗಳಲ್ಲಿ ಹೋಖ್‌ಶೂಲ್‌ಶ್ಪೋರ್ಟ್ ಅಂತ ಒಂದು ವ್ಯವಸ್ಥೆ ಇದೆ. ವಾಲಿಬಾಲ್, ಬ್ಯಾಡ್ಮಿಂಟನ್, ಹತ್ತುವ ಗೋಡೆ, ನೃತ್ಯ, ಯೋಗ, ಏನೇನೋ. ಶುಲ್ಕ ಹೊರಗಿನ ಕ್ಲಬ್ಬುಗಳಿಗಿಂತ ತುಂಬಾ ಕಡಿಮೆ. ನೋಂದಣಿ ಸೆಮಿಸ್ಟರ್ ಶುರುವಿನಲ್ಲಿ ತೆರೆಯುತ್ತದೆ, ಬೇಡಿಕೆ ಇರುವ ಆಟಗಳು ಕೆಲವೇ ನಿಮಿಷದಲ್ಲಿ ತುಂಬಿಹೋಗುತ್ತವೆ. ತತ್ಕಾಲ್ ಟಿಕೆಟ್ ಬುಕ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲೇ ಲಾಗಿನ್ ಆಗಿ ಕಾಯುತ್ತಾ ಕೂತಿರಿ. ಆಟ ಬರುವುದಿಲ್ಲ ಅಂತ ಹಿಂಜರಿಯಬೇಡಿ, ಏನೂ ಬಾರದವರಿಗೆ ಅಂತಲೇ ಬೇರೆ ಗುಂಪು ಇರುತ್ತದೆ.

ಎಂಜಿನಿಯರಿಂಗ್ ಓದುವವರಿಗೆ ಇನ್ನೊಂದು ದೊಡ್ಡ ಬಾಗಿಲು ಇದೆ, ವಿದ್ಯಾರ್ಥಿಗಳ ತಂಡಗಳು. ರೆನ್‌ಟೀಮ್ ಮತ್ತು ಗ್ರೀನ್‌ಟೀಮ್ ಅಂತ ನಮ್ಮ ಯೂನಿವರ್ಸಿಟಿಯಲ್ಲಿ ರೇಸ್ ಕಾರ್ ಕಟ್ಟುವ ತಂಡಗಳಿವೆ. 2022ರಲ್ಲಿ ಗ್ರೀನ್‌ಟೀಮ್‌ನ ಎಲೆಕ್ಟ್ರಿಕ್ ಕಾರು ನಿಂತಲ್ಲಿಂದ ನೂರು ಕಿಲೋಮೀಟರ್ ವೇಗವನ್ನು 1.461 ಸೆಕೆಂಡಿನಲ್ಲಿ ಮುಟ್ಟಿ ವಿಶ್ವದಾಖಲೆ ಮಾಡಿತ್ತು. ಮರುವರ್ಷ ಜ್ಯೂರಿಕ್‌ನ ವಿದ್ಯಾರ್ಥಿಗಳು ಅದನ್ನು ಮುರಿದರು. ಗ್ಲೈಡರ್ ವಿಮಾನ ಕಟ್ಟುವ ಆಕಾಫ್ಲೀಗ್ ತಂಡ 1926ರಿಂದ ಇದೆ. ಫೈಬರ್‌ಗ್ಲಾಸ್‌ನಿಂದ ಮಾಡಿದ ಜಗತ್ತಿನ ಮೊದಲ ಗ್ಲೈಡರ್ 1957ರಲ್ಲಿ ಹಾರಿದ್ದು ಈ ಹುಡುಗರ ಕೈಯಿಂದಲೇ. ಇಂಥ ಕಡೆ ಸ್ಪ್ಯಾನರ್ ಹಿಡಿದು ಕೆಲಸ ಮಾಡಿದವರಿಗೆ ಮುಂದೆ ಇಂಟರ್ವ್ಯೂನಲ್ಲಿ ಹೇಳಿಕೊಳ್ಳಲು ನಿಜವಾದ ಮಾತು ಇರುತ್ತದೆ. ಆದರೆ ಇವು ಸಮಯ ನುಂಗುತ್ತವೆ. ಮೊದಲ ಸೆಮಿಸ್ಟರಿನಲ್ಲೇ ಸೇರಿ ಎರಡು ಪರೀಕ್ಷೆ ಬಿಟ್ಟವರು ನನಗೆ ಗೊತ್ತು. ನನ್ನ ಸಲಹೆ ಕೇಳಿದರೆ, ಮೊದಲ ಸೆಮಿಸ್ಟರ್‌ಗೆ ವಾರಕ್ಕೆ ಎರಡು ಸಂಜೆಯ ಒಂದು ಆಟ ಸಾಕು. ಪರೀಕ್ಷೆಗಳ ಹದ ಗೊತ್ತಾದ ಮೇಲೆ ದೊಡ್ಡ ತಂಡಕ್ಕೆ ಸೇರಿ.

ಎಲ್ಲೇ ಸೇರಿ, ನಮ್ಮವರೇ ಇರುವ ಜಾಗ ಹುಡುಕಬೇಡಿ. ಕನ್ನಡದವರು ನಾವು ಹೇಗೂ ಇದ್ದೇವೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರುತ್ತೇವೆ, ಬಿಸಿಬೇಳೆಬಾತ್ ಮಾಡುತ್ತೇವೆ, ಜ್ವರ ಬಂದರೆ ಸಾರು ತಂದುಕೊಡುತ್ತೇವೆ. ಆದರೆ ನಮ್ಮ ಜೊತೆಗೇ ಇದ್ದರೆ ಜರ್ಮನ್ ಬಾಯಿಗೆ ಬರುವುದಿಲ್ಲ. ಯೂನಿವರ್ಸಿಟಿಯ ಭಾಷಾ ತರಗತಿಗೆ ಸೇರಿ, ಜೊತೆಗೆ ಒಬ್ಬ ಟ್ಯಾಂಡೆಮ್ ಗೆಳೆಯರನ್ನು ಹುಡುಕಿಕೊಳ್ಳಿ. ಅರ್ಧ ಗಂಟೆ ಅವರ ಭಾಷೆ, ಅರ್ಧ ಗಂಟೆ ನಿಮ್ಮದು. ಇಲ್ಲಿಯ ಶ್ವೇಬಿಷ್ ಆಡುಮಾತು ಕೇಳಿ ದಂಗಾಗಬೇಡಿ. ಮೈಸೂರು ಕಡೆ ಕನ್ನಡ ಕಲಿತು ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಹಾಗೆ ಆಗುತ್ತದೆ, ಅಷ್ಟೇ. ಪುಟ್ಟದಾಗಿ, ಪ್ರೀತಿಯಿಂದ ಹೇಳಲು ಪದದ ಕೊನೆಗೆ "ಲೆ" ಸೇರಿಸುತ್ತಾರೆ, ಹೌಸ್ ಅನ್ನುವುದು ಹೊಯ್ಸ್‌ಲೆ ಆಗುತ್ತದೆ.

ಭಾಷೆ ಕಷ್ಟ ಅನ್ನಿಸಿದ ದಿನ ನಾನು ಕಿಟೆಲ್ ಅವರನ್ನು ನೆನೆಯುತ್ತಿದ್ದೆ. 1853ರಲ್ಲಿ, 21ನೇ ವಯಸ್ಸಿಗೆ, ಈ ದೇಶದಿಂದ ನಮ್ಮ ನಾಡಿಗೆ ಹೋದವರು. ಬಂದವರು ಕನ್ನಡ ಕಲಿತು, 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನೇ ಕೊಟ್ಟರು. 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ, ಇಲ್ಲಿಂದ ರೈಲಿನಲ್ಲಿ ಒಂದು ಗಂಟೆ ದಾರಿ. ಒಂದು ಶನಿವಾರ ಆ ಊರಿಗೆ ಹೋಗಿಬನ್ನಿ. ನದಿ ದಂಡೆಯಲ್ಲಿ ಕೂತು ಅವರ ವಿಷಯ ನೆನೆದರೆ ಮನಸ್ಸು ತುಂಬಿಬರುತ್ತದೆ.

ಕೆಲಸದ ವಿಷಯ ಚುಟುಕಾಗಿ ಹೇಳುತ್ತೇನೆ. 2024ರ ಮಾರ್ಚ್‌ನಿಂದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಪಾಠ ನಡೆಯುವಾಗ ವಾರಕ್ಕೆ 20 ಗಂಟೆ ದಾಟಿದರೆ ಇನ್ಶೂರೆನ್ಸ್ ಲೆಕ್ಕ ಬದಲಾಗುತ್ತದೆ, ಹಾಗಾಗಿ ದಾಟಬೇಡಿ. ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 12.82 ಯೂರೋ, 2026ರಿಂದ 13.90. ಡಿಪಾರ್ಟ್‌ಮೆಂಟಿನಲ್ಲೇ ಸಿಗುವ ಹಿವಿ ಕೆಲಸ, ಅಂದರೆ ವಿದ್ಯಾರ್ಥಿ ಸಹಾಯಕರ ಕೆಲಸ, ಎಲ್ಲಕ್ಕಿಂತ ಒಳ್ಳೆಯದು: ದೂರ ಹೋಗಬೇಕಿಲ್ಲ, ಪ್ರೊಫೆಸರ್‌ಗೆ ನಿಮ್ಮ ಮುಖ ಪರಿಚಯ ಆಗುತ್ತದೆ, ಥೀಸಿಸ್ ದಾರಿಯೂ ಅಲ್ಲೇ ತೆರೆಯಬಹುದು. ಸ್ವಂತ ವ್ಯವಹಾರದ ಹೆಸರಲ್ಲಿ ಬಿಲ್ ಬರೆದುಕೊಡುವ ಕೆಲಸಕ್ಕೆ ವಿದ್ಯಾರ್ಥಿ ಪರವಾನಗಿಯಲ್ಲಿ ಬೇರೆ ಅನುಮತಿ ಇಲ್ಲದೆ ಅವಕಾಶ ಇಲ್ಲ. ಯಾರಾದರೂ "ಏನೂ ಆಗಲ್ಲ" ಅಂದರೆ ನಂಬಬೇಡಿ.

ಮನೆಯೊಳಗೆ. ರಾತ್ರಿ ಹತ್ತರ ಮೇಲೆ ಸದ್ದು ಕೂಡದು, ಕುಕ್ಕರ್ ಸೀಟಿಯನ್ನು ಅದಕ್ಕೂ ಮೊದಲೇ ಮುಗಿಸಿ. ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿರಲಿ, ಛಾವಣಿಯಲ್ಲಿ ಹೊಗೆ ಅಲಾರಂ ಇದೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಹಾಲು-ತರಕಾರಿ ಶನಿವಾರವೇ ತನ್ನಿ. ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ವಾಪಸ್ ಕೊಟ್ಟರೆ ಹೆಚ್ಚಿನವಕ್ಕೆ ಒಂದಕ್ಕೆ 25 ಸೆಂಟ್. ಊರಿಂದ ತುಪ್ಪ, ಪೇಡ, ಹಸಿ ಕರಿಬೇವು ತರಬೇಡಿ. ಹೊರದೇಶದ ಹಾಲಿನ ಪದಾರ್ಥವನ್ನೂ ಸರ್ಟಿಫಿಕೇಟ್ ಇಲ್ಲದ ಹಸಿರು ಸೊಪ್ಪನ್ನೂ ಲಗೇಜಿನಲ್ಲಿ ಒಳಗೆ ಬಿಡುವುದಿಲ್ಲ. ಚಟ್ನಿಪುಡಿ, ಸಾರಿನ ಪುಡಿ ಎಷ್ಟು ಬೇಕಾದರೂ ತನ್ನಿ. ಒಂದು ದಿನ ಬಾಗಿಲ ಹಿಡಿಕೆಗೆ ಪುಟ್ಟ ಹಲಗೆ ನೇತಾಡುತ್ತಿರುವುದು ಕಂಡರೆ, ಅದು ಕೇರ್‌ವೋಖೆ. ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ನಿಮ್ಮದು. ನಮ್ಮ ಕೆಳಮನೆ ಅಜ್ಜಿ ಮೊದಲ ಸಲ ನನ್ನನ್ನು ನೋಡಿ ನಕ್ಕಿದ್ದು ನಾನು ಬಕೆಟ್ ಹಿಡಿದು ಮೆಟ್ಟಿಲ ಮೇಲೆ ಮಂಡಿಯೂರಿದ್ದ ದಿನ.

ಇನ್ನು ಡಿಸೆಂಬರ್. ಇದನ್ನು ಯಾರೂ ನಮಗೆ ಸರಿಯಾಗಿ ಹೇಳಿರುವುದಿಲ್ಲ. ಬೆಳಗ್ಗೆ ಎಂಟಕ್ಕೂ ಸೂರ್ಯ ಬಂದಿರುವುದಿಲ್ಲ, ಸಂಜೆ ನಾಲ್ಕೂವರೆಗೆ ಮುಳುಗಿಬಿಡುತ್ತಾನೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಊರಿಗೂ ನಮಗೂ ನಾಲ್ಕೂವರೆ ಗಂಟೆ ಅಂತರ. ನೀವು ಆರಕ್ಕೆ ರೂಮಿಗೆ ಬರುವಷ್ಟರಲ್ಲಿ ಅಲ್ಲಿ ರಾತ್ರಿ ಹತ್ತೂವರೆ, ಅಮ್ಮ ಮಲಗಿರುತ್ತಾರೆ. ಚಳಿಗಿಂತ ಈ ಕತ್ತಲೆ ಜಾಸ್ತಿ ಕಾಡುತ್ತದೆ. ಮಧ್ಯಾಹ್ನ ಯೂನಿವರ್ಸಿಟಿಯ ಕ್ಯಾಂಟೀನ್ ಮೆನ್ಸಾದಲ್ಲಿ ಊಟ ಮಾಡಿದ ಮೇಲೆ ಬೆಳಕಿರುವಾಗಲೇ ಹೊರಗೆ ನಡೆಯಿರಿ. ಕ್ಯಾಂಪಸ್ಸಿನ ಹಿಂದಿನ ಕಾಡಿನಲ್ಲಿ ಬೇರೆನ್‌ಜೇ ಅನ್ನುವ ಕೆರೆಗಳಿವೆ, ರಜಾ ದಿನ ಅಲ್ಲಿಯವರೆಗೂ ಹೋಗಬಹುದು. ಅಮ್ಮನಿಗೆ ಫೋನ್ ಮಾಡಲೂ ಆ ಮಧ್ಯಾಹ್ನದ ಹೊತ್ತೇ ಸರಿ. ಮನಸ್ಸು ತುಂಬಾ ಕುಗ್ಗಿದರೆ ವಿದ್ಯಾರ್ಥಿಗಳ ಊಟ, ಹಾಸ್ಟೆಲ್ ನೋಡಿಕೊಳ್ಳುವ ಸಂಸ್ಥೆಯಾದ ಸ್ಟುಡಿಯರೆಂಡನ್‌ವೆರ್ಕ್‌ನಲ್ಲಿ ಮಾನಸಿಕ ಸಲಹೆ ಸಿಗುತ್ತದೆ. ಹೋಗಲು ಸಂಕೋಚ ಬೇಡ, ಇಲ್ಲಿ ಎಲ್ಲರೂ ಹೋಗುತ್ತಾರೆ. ರಾತ್ರಿ ಹೊತ್ತು, ರಜೆಯಲ್ಲಿ ಡಾಕ್ಟರ್ ಬೇಕಾದರೆ 116117, ಜೀವಕ್ಕೆ ಅಪಾಯ ಅನ್ನಿಸಿದರೆ 112.

ನನ್ನ ಮೊದಲ ಡಿಸೆಂಬರ್‌ನಲ್ಲಿ ಮೂರು ವಾರ ನಾನು ಕ್ಲಾಸು ಬಿಟ್ಟರೆ ರೂಮು ಬಿಡಲಿಲ್ಲ. ವಾಲಿಬಾಲ್‌ಗೆ ಹೆಸರು ಕೊಟ್ಟಿದ್ದೆ, ಎರಡು ಸಲ ಹೋಗಿ ನಿಲ್ಲಿಸಿದ್ದೆ. ಒಂದು ಗುರುವಾರ ತಂಡದ ಹುಡುಗಿಯೊಬ್ಬಳು ಮೆಸೇಜ್ ಮಾಡಿದಳು: "ಇವತ್ತು ಐದೇ ಜನ ಇದ್ದೇವೆ, ನೀನು ಬಂದರೆ ಆರಾಗುತ್ತದೆ." ಅಷ್ಟೇ ಇದ್ದದ್ದು. ಎದ್ದು ಹೋದೆ. ಮಂಜಿನಲ್ಲಿ ನೆನೆದ ಬೂಟು ಹಾಕಿಕೊಂಡು ಹಾಲ್ ಬಾಗಿಲಿಗೆ ಬಂದರೆ ಒಳಗೆ ಬಿಡಲಿಲ್ಲ. ಅವಳೇ ಓಡಿಹೋಗಿ ಯಾರದ್ದೋ ಬ್ಯಾಗಿನಿಂದ ಒಂದು ಜೊತೆ ಶೂ ತಂದುಕೊಟ್ಟಳು. ಒಂದು ಸೈಜು ದೊಡ್ಡದು. ಅದರಲ್ಲೇ ಒಂದೂವರೆ ಗಂಟೆ ಆಡಿದೆ. ಆ ಗುರುವಾರದ ಆಟ ನಾನು ಮತ್ತೆ ತಪ್ಪಿಸಲಿಲ್ಲ. ಆರು ಜನರಲ್ಲಿ ನಾಲ್ವರು ನನ್ನ ಮದುವೆಗೆ ಶಿವಮೊಗ್ಗಕ್ಕೆ ಬಂದಿದ್ದರು.

ಅಂದ ಹಾಗೆ, ಆ ಶೂ ವಿಷಯ ಬರೆದಿಟ್ಟುಕೊಳ್ಳಿ. ಇಲ್ಲಿಯ ಆಟದ ಹಾಲ್‌ಗಳಲ್ಲಿ ಹೊರಗೆ ಹಾಕಿದ ಶೂ ನಡೆಯುವುದಿಲ್ಲ. ನೆಲದ ಮೇಲೆ ಗೆರೆ ಬೀಳದ ಸೋಲ್ ಇರುವ, ಒಳಗೆ ಮಾತ್ರ ಹಾಕುವ ಒಂದು ಜೊತೆ ಬೇಕು. ಊರಿಂದ ಬರುವಾಗಲೇ ಸೂಟ್‌ಕೇಸಿನಲ್ಲಿ ಇಟ್ಟುಕೊಳ್ಳಿ, ಚಟ್ನಿಪುಡಿಯ ಪಕ್ಕದಲ್ಲಿ ಜಾಗ ಆಗುತ್ತದೆ.