ಗದ್ದೆ ಬಯಲನ್ನು ವಾಣಿಜ್ಯ ವಲಯಕ್ಕೆ ಸೇರಿಸುವುದನ್ನು ನಾವು ವಿರೋಧಿಸಿದ ಬಗೆ

ಕೊಡಗಿನಲ್ಲಿ ಹೆದ್ದಾರಿಗೆ ತಾಗಿಕೊಂಡಿರುವ ಗದ್ದೆಗಳು ಒಂದೊಂದಾಗಿ ಮಣ್ಣು ತುಂಬಿಸಿಕೊಂಡು ಮಳಿಗೆಗಳೂ ಬಡಾವಣೆಗಳೂ ಆಗುತ್ತಿರುವುದನ್ನು ಇಲ್ಲಿಯವರೆಲ್ಲ ಕಂಡವರೇ. ನಮ್ಮ ಊರಿನ ಬಯಲಿಗೂ ಆ ಸರದಿ ಬಂದಾಗ ನಾವು ಏನು ಮಾಡಿದೆವು, ಅದರಲ್ಲಿ ಯಾವುದು ನೆರವಿಗೆ ಬಂತು, ಯಾವುದು ಬರಲಿಲ್ಲ ಎಂಬುದನ್ನು ಬೇರೆ ಊರುಗಳವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ. ನಾನು ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಊರಿನ ಸಮಿತಿಯ ಕಾಗದಪತ್ರದ ಕೆಲಸವನ್ನು ಹಿರಿಯರು ನನಗೆ ವಹಿಸಿದ್ದು ಆ ಕಾರಣಕ್ಕೆ.

ಬಯಲು ಸುಮಾರು ಹತ್ತೆಕರೆಯದು. ಎರಡೂ ಕಡೆ ಬಾಣೆ, ಅಂದರೆ ಗದ್ದೆಗೆ ಹೊಂದಿಕೊಂಡ ಎತ್ತರದ ಜಾಗ, ಅದರ ಮೇಲೆ ಕಾಫಿ ತೋಟ. ತಗ್ಗಿನಲ್ಲಿ ಗದ್ದೆ, ಗದ್ದೆಯ ನಡುವೆ ಹರಿದು ಮುಂದೆ ಕಾವೇರಿಯನ್ನು ಸೇರುವ ತೋಡು. ಸುಗ್ಗಿಯ ಹಬ್ಬವಾದ ಹುತ್ತರಿಗೆ ಕದಿರು (ಹೊಸ ಭತ್ತದ ತೆನೆ) ತೆಗೆಯಲು ನಮ್ಮ ಊರಿಗೆ ಉಳಿದಿರುವುದು ಇದೊಂದೇ ಬಯಲು. ಕೆಸರುಗದ್ದೆ ಕ್ರೀಡಾಕೂಟ ನಡೆಯುವುದೂ, ಕೊಯ್ಲಾದ ಮೇಲೆ ಮಕ್ಕಳು ಹಾಕಿ ಆಡುವುದೂ ಇಲ್ಲಿಯೇ. ಊರು ಪಟ್ಟಣದ ಸ್ಥಳೀಯ ಯೋಜನಾ ಪ್ರದೇಶಕ್ಕೆ ಸೇರಿದ್ದು, ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಪಡಿಸುವ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಬಯಲನ್ನು ಕೃಷಿ ವಲಯವೆಂದು ತೋರಿಸಲಾಗಿದೆ. ಇದನ್ನು ವಾಣಿಜ್ಯ ವಲಯವಾಗಿ ಬದಲಾಯಿಸಿ, ಒಂದು ದೊಡ್ಡ ಮಾರಾಟ ಮಳಿಗೆಯನ್ನೂ ಅದರ ಮುಂದೆ ವಾಹನ ನಿಲುಗಡೆಯನ್ನೂ ಕಟ್ಟಲು ಅರ್ಜಿ ಬಂದಿದೆ ಎಂಬ ಸಣ್ಣ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿತ್ತು. ಊರಿನಲ್ಲಿ ಅದನ್ನು ಮೊದಲು ಗಮನಿಸಿದವರು ಗ್ರಂಥಾಲಯದಲ್ಲಿ ಪತ್ರಿಕೆಗಳನ್ನು ಜೋಡಿಸಿಡುವ ಹುಡುಗಿ.

ಇಂಥ ಬದಲಾವಣೆಗೆ ಅವಕಾಶ ಕೊಡುವುದು ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14-ಎ ಕಲಂ. ಯೋಜನಾ ಪ್ರಾಧಿಕಾರವು ಸರ್ಕಾರದ ಪೂರ್ವಾನುಮೋದನೆ ಪಡೆದು ಭೂಬಳಕೆಯನ್ನು ಬದಲಾಯಿಸಬಹುದು. ಆದರೆ ಬದಲಾವಣೆ ಸಾರ್ವಜನಿಕ ಹಿತದ್ದಾಗಿರಬೇಕು, ಬೇರಾವ ಕಾನೂನಿಗೂ ವಿರುದ್ಧವಾಗಿರಬಾರದು, ಮತ್ತು ಪ್ರಸ್ತಾವವನ್ನು ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನಗಳ ಅವಧಿಯಲ್ಲಿ ಆಕ್ಷೇಪಣೆಗಳನ್ನು ಕರೆಯಬೇಕು. ಜಿಲ್ಲಾಧಿಕಾರಿಗಳು ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನ ಅಡಿಯಲ್ಲಿ ಮಾಡುವ ಭೂಪರಿವರ್ತನೆಯೇ ಇದು ಎಂದು ನಮ್ಮಲ್ಲಿ ಹಲವರು ತಿಳಿದಿದ್ದರು. ಅದು ಬೇರೆ ಹಂತ, ಬೇರೆ ಕಚೇರಿ, ಬೇರೆ ಕಡತ. ಯಾವ ಕಡತದಲ್ಲಿ ಮಾತನಾಡುತ್ತಿದ್ದೇವೆ ಎಂಬುದು ಮೊದಲು ಖಚಿತವಾಗಬೇಕು. ಇಲ್ಲವಾದರೆ ಮನವಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಊರಿನ ಸಭೆಯಲ್ಲಿ ಯುವಕರು ಹೆದ್ದಾರಿ ತಡೆಯೋಣ ಎಂದರು. ಅವರ ಸಿಟ್ಟು ನ್ಯಾಯವಾದದ್ದು, ಆದರೆ ಆ ಹದಿನೈದು ದಿನಗಳಲ್ಲಿ ನಮಗೆ ಬೇಕಾದದ್ದು ಲಿಖಿತ ಆಕ್ಷೇಪಣೆಯೇ ಎಂದು ನಾನು ಪಟ್ಟು ಹಿಡಿದೆ. ಮುಂದೆ ಕಡತವನ್ನು ಓದುವ ಅಧಿಕಾರಿ ನಮ್ಮ ಘೋಷಣೆಯನ್ನು ಕೇಳಿರುವುದಿಲ್ಲ. ಅವರ ಮುಂದೆ ಇರುವುದು ಕಡತದ ಹಾಳೆಗಳು ಮಾತ್ರ. ನೂರಾರು ಸಹಿಗಳಿರುವ ಒಂದು ಮನವಿಯನ್ನು ಸಾರಾಂಶದಲ್ಲಿ ಒಂದೇ ಆಕ್ಷೇಪಣೆ ಎಂದು ಬರೆದುಬಿಡುವುದನ್ನು ನಾನು ಸೇವೆಯಲ್ಲಿದ್ದಾಗಲೇ ಕಂಡಿದ್ದೆ. ಆದ್ದರಿಂದ ಪ್ರತಿ ಮನೆಯವರೂ ತಮ್ಮ ಹೆಸರು, ತಮ್ಮ ಜಾಗದ ಸರ್ವೆ ನಂಬರ್, ತಮಗೆ ಆಗುವ ನಿರ್ದಿಷ್ಟ ತೊಂದರೆ ಇಷ್ಟನ್ನು ತಮ್ಮದೇ ಮಾತಿನಲ್ಲಿ ಬರೆಯಬೇಕೆಂದು ತೀರ್ಮಾನಿಸಿದೆವು. ಅಚ್ಚು ಹಾಕಿದ ಒಂದೇ ನಮೂನೆಯನ್ನು ಹಂಚಲಿಲ್ಲ. ತೋಟದ ಲೈನ್‌ಮನೆಗಳಲ್ಲಿರುವ ಕಾರ್ಮಿಕರಿಗೆ ಗದ್ದೆಯ ಕೆಳಗಿನ ಬಾವಿಯೇ ನೀರಿನ ಆಧಾರ. ಅವರ ಹೇಳಿಕೆಗಳನ್ನು ಅಂಗನವಾಡಿಯ ಕಾರ್ಯಕರ್ತೆಯರು ಕುಳಿತು ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿದರು. ಜಮೀನೇ ಇಲ್ಲದವರು ಜಮೀನಿನ ಬಗ್ಗೆ ಏನು ಹೇಳಬಲ್ಲರು ಎಂದು ಸಮಿತಿಯಲ್ಲೇ ಒಬ್ಬರು ಕೇಳಿದ್ದರು. ವಿಚಾರಣೆಯಲ್ಲಿ ಅತಿ ಹೆಚ್ಚು ಗಮನ ಸೆಳೆದ ಕಾಗದಗಳು ಅವರವೇ. ಎಲ್ಲವನ್ನೂ ಟಪಾಲಿನಲ್ಲಿ ಖುದ್ದಾಗಿ ಕೊಟ್ಟು, ನಮ್ಮ ಪ್ರತಿಯ ಮೇಲೆ ದಿನಾಂಕದ ಮುದ್ರೆ ಹಾಕಿಸಿಕೊಂಡೆವು.

ನಮ್ಮ ವಾದಕ್ಕೆ ಬೆನ್ನೆಲುಬಾಗಿ ನಿಂತದ್ದು ಗ್ರಾಮ ನಕ್ಷೆ. ಅರ್ಜಿಯ ಜೊತೆಗಿದ್ದ ನಿವೇಶನ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿದೆವು. ಈ ಅರ್ಜಿ ಬರೆಯುವವರಿಗೆ ಒಂದು ಮಾತು: ಕರ್ನಾಟಕದ ನಿಯಮಗಳ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದಗಳನ್ನು ಮೀರದಂತೆ ಇರಬೇಕು, ನಾಲ್ಕು ವಿಷಯಗಳನ್ನು ಒಂದರಲ್ಲೇ ಕೇಳಿದರೆ ಅದನ್ನೇ ನೆಪ ಮಾಡಿ ಹಿಂದಿರುಗಿಸುತ್ತಾರೆ. ಉತ್ತರಕ್ಕೆ 30 ದಿನಗಳ ಗಡುವು ಇರುವುದರಿಂದ ಅದು ಆಕ್ಷೇಪಣೆಯ ಅವಧಿಯೊಳಗೆ ಕೈಸೇರುವ ಭರವಸೆಯಿಲ್ಲ. ಹಾಗಾಗಿ ಆಕ್ಷೇಪಣೆಯಲ್ಲೇ, ‘ದಾಖಲೆಗಳು ದೊರೆತ ನಂತರ ಹೆಚ್ಚುವರಿ ಹೇಳಿಕೆ ಸಲ್ಲಿಸಲು ಅವಕಾಶ ಕೊಡಬೇಕು, ಖುದ್ದು ವಿಚಾರಣೆ ನಡೆಸಬೇಕು’ ಎಂದು ಬರೆದಿದ್ದೆವು.

ಆ ನಿವೇಶನ ನಕ್ಷೆಯನ್ನು ಸರ್ವೆ ಇಲಾಖೆಯ ಹಳೆಯ ಗ್ರಾಮ ನಕ್ಷೆಯ ಪಕ್ಕದಲ್ಲಿ ಹರಡಿ ನೋಡಿದಾಗ ಹೊಸ ನಕ್ಷೆಯಲ್ಲಿ ತೋಡು ಇರಲಿಲ್ಲ. ಹಳೆಯ ನಕ್ಷೆಯಲ್ಲಿ ಅದು ಮೇಲಿನ ಬಾಣೆಯ ಅಂಚಿನಿಂದ ಹೊರಟು, ಎರಡು ಕಡೆ ಬಾಗಿ, ಬಯಲಿನ ಪೂರ್ವ ಮೂಲೆಯಲ್ಲಿ ಕೈತೋಡೊಂದನ್ನು ಕೂಡಿಸಿಕೊಂಡು ಹೊರಗೆ ಹೋಗುತ್ತದೆ. ಹೊಸದರಲ್ಲಿ ಅದೇ ಜಾಗದಲ್ಲಿ ಕಾರು ನಿಲ್ಲಿಸುವ ಗೆರೆಗಳನ್ನು ಎಳೆದಿದ್ದರು. ಸರ್ವೆ ನಂಬರುಗಳ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್ ತೆಗೆದು ನೋಡಿದರೆ ತೋಡಿನ ವಿಸ್ತೀರ್ಣವನ್ನು ‘ಬಿ’ ಖರಾಬು ಎಂದು ಸ್ಪಷ್ಟವಾಗಿ ಬಿಟ್ಟಿದ್ದರು. ‘ಎ’ ಖರಾಬು ಸಾಗುವಳಿಗೆ ಬಾರದ ಜಾಗ. ‘ಬಿ’ ಖರಾಬು ದಾರಿ, ಹಳ್ಳ, ತೋಡುಗಳಂಥ ಸಾರ್ವಜನಿಕ ಉಪಯೋಗಕ್ಕೆ ಮೀಸಲಾದದ್ದು. ಹಳ್ಳ, ತೋಡು, ಹರಿಯುವ ನೀರು ಇವೆಲ್ಲ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸರ್ಕಾರದ ಸ್ವತ್ತು. ಗದ್ದೆಯನ್ನು ಅದರ ಮಾಲೀಕರು ಮಾರಬಹುದು, ತೋಡನ್ನು ಮಾರುವಂತಿಲ್ಲ. ಎರಡೂ ನಕ್ಷೆಗಳನ್ನು ಒಂದೇ ಅಳತೆಗೆ ತಂದು, ತೋಡನ್ನು ಕೆಂಪು ಶಾಯಿಯಲ್ಲಿ ಬಿಡಿಸಿ ಆಕ್ಷೇಪಣೆಗೆ ಲಗತ್ತಿಸಿದೆ. ಸರ್ವೆ ಕೆಲಸ ಗೊತ್ತಿಲ್ಲದವರಿಗೂ ಇದು ಕಷ್ಟವಲ್ಲ: ಗ್ರಾಮ ನಕ್ಷೆಗಳು ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ, ದಿಶಾಂಕ್ ಆ್ಯಪ್ ತೆರೆದು ಗದ್ದೆಯಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೇವೆ ಎಂದು ತಿಳಿಯುತ್ತದೆ.

ನೀರಿನ ವಿಷಯವನ್ನು ಲೆಕ್ಕದಲ್ಲೇ ಹೇಳಿದೆವು. ಬದು ಕಟ್ಟಿದ ಒಂದು ಎಕರೆ ಗದ್ದೆಯಲ್ಲಿ ಅರ್ಧ ಅಡಿ ನೀರು ನಿಂತರೆ ಅದು ಸುಮಾರು 6 ಲಕ್ಷ ಲೀಟರ್. ಹತ್ತೆಕರೆಗೆ 60 ಲಕ್ಷ. ಮಳೆಗಾಲದಲ್ಲಿ ಆ ನೀರು ಗದ್ದೆಯಲ್ಲಿ ತಂಗಿ, ಇಂಗಿ, ಉಳಿದದ್ದು ನಿಧಾನವಾಗಿ ತೋಡಿಗೆ ಇಳಿಯುತ್ತದೆ. ಅದರ ಮೇಲೆ ಮಣ್ಣು ತುಂಬಿ ಡಾಂಬರು ಹಾಕಿದರೆ ಒಂದೇ ದಿನ 100 ಮಿಲಿಮೀಟರ್ ಮಳೆ ಬಂದಾಗ ಎಕರೆಯೊಂದಕ್ಕೆ ಸುಮಾರು 4 ಲಕ್ಷ ಲೀಟರ್ ನೀರು ಬಿದ್ದ ಕೂಡಲೇ ಹರಿದು ಕೆಳಗಿನ ಮನೆಗಳ ಕಡೆಗೆ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದದ್ದನ್ನೂ, 2019ರಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ತಗ್ಗಿನ ಬಡಾವಣೆಗಳು ಮುಳುಗಿದ್ದನ್ನೂ ಕಂಡ ಜಿಲ್ಲೆಯಲ್ಲಿ ಈ ಲೆಕ್ಕವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಕಡತದಲ್ಲಿ ಅಂಕಿ ಇರಬೇಕು. ಆ ಎರಡು ವರ್ಷಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೆಳಗಿನ ಮನೆಗಳ ಗೋಡೆಗಳಲ್ಲಿ ಉಳಿದಿದ್ದ ಕಲೆಗಳನ್ನು ಅಳತೆಪಟ್ಟಿ ಹಿಡಿದು ಫೋಟೊ ತೆಗೆದು ಸೇರಿಸಿದೆವು.

ಕಾನೂನಿನ ಹೆಸರಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ತುರುಕದಂತೆ ನೋಡಿಕೊಳ್ಳುವುದೂ ಒಂದು ಕೆಲಸವಾಗಿತ್ತು. ಜೌಗುಭೂಮಿ ಸಂರಕ್ಷಣಾ ನಿಯಮಗಳು, 2017 ನಮ್ಮ ಗದ್ದೆಗೆ ಅನ್ವಯಿಸುತ್ತವೆ ಎಂದು ಒಬ್ಬರು ಬರೆದು ತಂದರು. ಭತ್ತದ ಗದ್ದೆಗಳನ್ನು ಆ ನಿಯಮಗಳೇ ಹೊರಗಿಟ್ಟಿವೆ. ಭತ್ತದ ಗದ್ದೆಯ ಸಂರಕ್ಷಣೆಗೆಂದೇ ಕೇರಳ 2008ರಲ್ಲಿ ಮಾಡಿದ ಕಾಯ್ದೆ ಇಲ್ಲಿ ನಡೆಯುವುದಿಲ್ಲ. ನಮ್ಮ ರಾಜ್ಯಕ್ಕೂ ಅಂಥದ್ದೊಂದು ಬೇಕೆಂಬುದು ನನ್ನ ದೃಢವಾದ ಅಭಿಪ್ರಾಯವಾದರೂ ಆಕ್ಷೇಪಣೆಯಲ್ಲಿ ಅದಕ್ಕೆ ಸ್ಥಾನವಿಲ್ಲ. ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಕೊಟ್ಟ ತೀರ್ಪು ಊರಿನ ಸಾಮೂಹಿಕ ಜಾಗಗಳ ಒತ್ತುವರಿಗೆ ಸಂಬಂಧಿಸಿದ್ದು. ನಮ್ಮಲ್ಲಿ ಗದ್ದೆ ಖಾಸಗಿಯದಾದ್ದರಿಂದ ಅದನ್ನು ತೋಡಿನ ಮಟ್ಟಿಗೆ ಮಾತ್ರ ಉಲ್ಲೇಖಿಸಿದೆವು. ಹೆಚ್ಚು ನೆರವಾದದ್ದು ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ನಡುವಿನ ಪ್ರಕರಣದ 1991ರ ತೀರ್ಪು. ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಅಲ್ಲಿ ತಳ್ಳಿಹಾಕಲಾಯಿತು; ಇಂಥ ಬದಲಾವಣೆಯನ್ನು ಪ್ರಶ್ನಿಸುವ ಹಕ್ಕು ಸುತ್ತಲಿನ ನಿವಾಸಿಗಳಿಗೆ ಇದೆ ಎಂಬುದನ್ನೂ ಒಪ್ಪಲಾಯಿತು. ‘ನಿಮ್ಮ ಜಾಗವಲ್ಲದ ಜಾಗದ ಬಗ್ಗೆ ನಿಮಗೇನು?’ ಎಂಬ ಪ್ರಶ್ನೆಗೆ ಅದು ನೇರವಾದ ಉತ್ತರ.

ಪೇಟೆಯ ವರ್ತಕರೂ ನಮ್ಮ ಜೊತೆ ಸೇರಿದರು. ದೊಡ್ಡ ಮಳಿಗೆ ಬಂದರೆ ತಮ್ಮ ವ್ಯಾಪಾರ ಕುಸಿಯುತ್ತದೆ ಎಂಬ ಅವರ ಆತಂಕ ನಿಜವಾದದ್ದೇ. ಆದರೆ ಪೈಪೋಟಿಯನ್ನು ತಡೆಯುವುದು ಯೋಜನಾ ಕಾಯ್ದೆಯ ಉದ್ದೇಶವಲ್ಲ. ಅವರೊಂದಿಗೆ ಕುಳಿತು ಮಹಾಯೋಜನೆಯ ನಕ್ಷೆಯಲ್ಲಿ ವಾಣಿಜ್ಯಕ್ಕೆಂದು ನೀಲಿ ಬಣ್ಣ ಹಚ್ಚಿದ ಜಾಗಗಳನ್ನು ಗುರುತಿಸಿದೆವು. ಅವುಗಳಲ್ಲಿ ಖಾಲಿ ಬಿದ್ದಿರುವ ನಿವೇಶನಗಳನ್ನೂ ಬಾಗಿಲು ಹಾಕಿದ ಮಳಿಗೆಗಳನ್ನೂ ಅವರೇ ಸುತ್ತಾಡಿ ಪಟ್ಟಿ ಮಾಡಿ ತಂದರು. ಪಟ್ಟಣದೊಳಗೆ ಮಳಿಗೆಗೆ ಜಾಗ ಇರುವಾಗ ಗದ್ದೆಯನ್ನೇ ಬದಲಾಯಿಸುವುದರಲ್ಲಿ ಸಾರ್ವಜನಿಕ ಹಿತ ಏನು ಎಂಬ ಪ್ರಶ್ನೆಗೆ ಅರ್ಜಿದಾರರ ಕಡೆಯವರು ವಿಚಾರಣೆಯಲ್ಲಿ ಉತ್ತರಿಸಲಿಲ್ಲ.

ಇದೆಲ್ಲಕ್ಕಿಂತ ಕಷ್ಟವಾದದ್ದು ಗದ್ದೆಯ ಮಾಲೀಕರೊಂದಿಗೆ ಮಾತನಾಡುವುದು. ಅವರು ಹೊರಗಿನವರಲ್ಲ, ಮದುವೆಗೆ, ಸಾವಿಗೆ ನಮ್ಮ ಜೊತೆ ನಿಲ್ಲುವವರು. ನಾನು ಚಿಕ್ಕಂದಿನಿಂದ ಅಣ್ಣ ಎಂದು ಕರೆಯುವ ಹಿರಿಯರೊಬ್ಬರು ತಮ್ಮ ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ‘ನೀವೆಲ್ಲ ದಾರಿಯಲ್ಲಿ ಹೋಗುವಾಗ ಹಸಿರು ನೋಡಿ ಸಂತೋಷಪಡ್ತೀರಿ. ನಾಟಿಗೆ ಜನ ಎಲ್ಲಿದ್ದಾರೆ ಹೇಳು. ಆನೆ ಒಂದು ರಾತ್ರಿ ಇಳಿದರೆ ನನ್ನ ವರ್ಷದ ದುಡಿಮೆ ಹೋಯ್ತು. ಮಗಳ ಓದಿನ ಸಾಲವನ್ನು ಈ ಭತ್ತದಲ್ಲಿ ತೀರಿಸೋಕಾಗುತ್ತಾ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಬಯಲಿನಿಂದ ಇಡೀ ಊರಿಗೆ ನೀರು ಸಿಗುವುದು, ಅದನ್ನು ಉಳಿಸಿಕೊಳ್ಳುವ ಖರ್ಚು ನಾಲ್ಕೈದು ಮನೆಗಳ ಮೇಲೆ ಬೀಳುವುದು ನ್ಯಾಯವಲ್ಲ. ಗದ್ದೆ ಉಳಿಯಬೇಕೆಂದು ಹೇಳುವ ಯಾವ ಸಮಿತಿಯಾದರೂ ಈ ಮಾತನ್ನು ಎದುರಿಸದೆ ಮುಂದೆ ಹೋಗಬಾರದು ಎಂದು ನಾನು ಆ ದಿನವೇ ಸಭೆಯಲ್ಲಿ ಹೇಳಿದೆ. ಮುಂದಿನ ಮಳೆಗಾಲಕ್ಕೆ ಕೃಷಿ ಯಂತ್ರಧಾರೆ ಕೇಂದ್ರದಿಂದ ನಾಟಿ ಯಂತ್ರವನ್ನು ಬಾಡಿಗೆಗೆ ತಂದು ಇಡೀ ಬಯಲಿಗೆ ಒಟ್ಟಾಗಿ ನಾಟಿ ಮಾಡಿಸಿದೆವು; ಬಾಡಿಗೆಯ ಒಂದು ಪಾಲನ್ನು ಬಾವಿಗಳ ಲಾಭ ಪಡೆಯುವ ಮನೆಗಳೂ ತೋಟಗಳೂ ಹೊತ್ತವು. ಅಣ್ಣ ತಮ್ಮ ಗದ್ದೆಯನ್ನು ಮಹಿಳಾ ಸ್ವಸಹಾಯ ಸಂಘಕ್ಕೆ ಗೇಣಿಗೆ ಕೊಟ್ಟಿದ್ದಾರೆ. ಮಾರಾಟದ ಕರಾರಿನಿಂದ ಹಿಂದೆ ಸರಿಯಲು ಒಪ್ಪದ ಇನ್ನಿಬ್ಬರ ನಿರ್ಧಾರವನ್ನು ನಾವು ಗೌರವಿಸಿದೆವು. ಅವರ ಮನೆಯ ಮುಂದೆ ಯಾರೂ ಘೋಷಣೆ ಕೂಗಬಾರದೆಂದು ಸಮಿತಿ ತೀರ್ಮಾನಿಸಿತ್ತು, ಯಾರೂ ಕೂಗಲಿಲ್ಲ.

ಗ್ರಾಮಸಭೆಯ ನಿರ್ಣಯವನ್ನೂ ಪಡೆದೆವು. ಅದು ಪ್ರಾಧಿಕಾರವನ್ನು ಕಟ್ಟಿಹಾಕುವುದಿಲ್ಲವಾದರೂ ಕಡತದಲ್ಲಿ ಇರಲೇಬೇಕಾದ ಕಾಗದ.

ವಿಚಾರಣೆಯಲ್ಲಿ ನಮಗೆ ಸಿಕ್ಕ ಸಮಯ ಕಡಿಮೆ. ಮೂವರು ಮಾತನಾಡುವುದೆಂದು ಮೊದಲೇ ಹಂಚಿಕೊಂಡಿದ್ದೆವು: ನಾನು ತೋಡಿನ ಬಗ್ಗೆ, ಲೈನ್‌ಮನೆಯ ಒಬ್ಬ ತಾಯಿ ಬಾವಿಯ ಬಗ್ಗೆ, ವರ್ತಕರೊಬ್ಬರು ಖಾಲಿ ಮಳಿಗೆಗಳ ಬಗ್ಗೆ. ತೋಡನ್ನು ತೋರಿಸದ ನಕ್ಷೆಯ ಆಧಾರದ ಮೇಲೆ ಪ್ರಸ್ತಾವವನ್ನು ಮುಂದಕ್ಕೆ ಕಳುಹಿಸಲಾಗದು ಎಂಬ ಷರಾ ಬರೆದು ಅರ್ಜಿಯನ್ನು ಹಿಂದಿರುಗಿಸಲಾಯಿತು. ಕೆಲವು ತಿಂಗಳ ಬಳಿಕ ಹೆದ್ದಾರಿಗೆ ತಾಗಿದ ಎತ್ತರದ ಪಟ್ಟಿಗೆ ಮಾತ್ರ ಹೊಸ ಅರ್ಜಿ ಬಂತು. ಅದನ್ನೂ ಪೂರ್ತಿಯಾಗಿ ವಿರೋಧಿಸಬೇಕೆಂದು ಅರ್ಧ ಸಮಿತಿ ಹೇಳಿತು. ಗದ್ದೆಯಲ್ಲದ, ನೀರು ನಿಲ್ಲದ ಆ ಜಾಗಕ್ಕೆ ನಮ್ಮ ನೀರಿನ ವಾದ ಅನ್ವಯಿಸುವುದಿಲ್ಲ ಎಂಬುದು ನನ್ನ ನಿಲುವಾಗಿತ್ತು. ಇಲ್ಲದ ವಾದವನ್ನು ಹೂಡಿದರೆ ಇರುವ ವಾದದ ಬೆಲೆಯೂ ಹೋಗುತ್ತದೆ. ಕೊನೆಗೆ ಷರತ್ತುಗಳನ್ನು ಕೇಳಿದೆವು: ತೋಡಿನ ಹದ್ದುಬಸ್ತು (ಗಡಿ ಅಳತೆ) ಮಾಡಿಸಿ ಗಡಿಕಲ್ಲು ನೆಡಬೇಕು, ಮಣ್ಣು ತುಂಬುವ ಮಟ್ಟವನ್ನು ನಕ್ಷೆಯಲ್ಲಿ ನಮೂದಿಸಬೇಕು, ಚಾವಣಿಯ ನೀರನ್ನು ನಿವೇಶನದೊಳಗೇ ಇಂಗಿಸಬೇಕು. ಆ ಕಡತ ಈಗ ಸರ್ಕಾರದ ಮಟ್ಟದಲ್ಲಿದೆ.

ಯೋಜನಾ ಕಾಯ್ದೆಯ 13-ಡಿ ಕಲಂ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸುವ ಬಗ್ಗೆ ಹೇಳುತ್ತದೆ. ನಮ್ಮ ಪಟ್ಟಣದ ಪರಿಷ್ಕರಣೆ ಹತ್ತಿರ ಬಂದಿದೆ. ಆಗ ಕರಡು ನಕ್ಷೆ ಪ್ರಕಟವಾಗಿ, ಸಾರ್ವಜನಿಕರಿಗೆ 60 ದಿನಗಳ ಅವಕಾಶ ಇರುತ್ತದೆ. ಅದಕ್ಕಾಗಿ ಈಗಿನಿಂದಲೇ ನಮ್ಮ ಬಯಲಿನದಷ್ಟೇ ಅಲ್ಲದೆ ತೋಡು ಹರಿದು ಹೋಗುವ ಕೆಳಗಿನ ಎರಡು ಊರುಗಳ ಗದ್ದೆಗಳ ಸರ್ವೆ ನಂಬರ್, ‘ಬಿ’ ಖರಾಬಿನ ವಿಸ್ತೀರ್ಣ, ಬಾವಿಗಳ ಸ್ಥಳ ಇವನ್ನೆಲ್ಲ ಒಂದೇ ನಕ್ಷೆಯ ಮೇಲೆ ಗುರುತಿಸುತ್ತಿದ್ದೇವೆ. ಆ ಎರಡರಲ್ಲಿ ಮೇಲಿನ ಊರಿನ ಅಳತೆ ಮುಗಿದಿದೆ. ಕೆಳಗಿನ ಊರಿನವರು ಕೊಯ್ಲು ಮುಗಿಸಿದ ಕೂಡಲೇ ಅಲ್ಲಿಯ ಕೆಲಸ ಆರಂಭವಾಗುತ್ತದೆ.