ಗೌಟ್: ನೋವು ಇಳಿದ ಮೇಲೆ ಶುರುವಾಗುವ ಕೆಲಸ

ರಾತ್ರಿ ಮಲಗುವಾಗ ಸರಿಯಾಗಿಯೇ ಇದ್ದ ಕಾಲಿನ ಹೆಬ್ಬೆರಳ ಬುಡ ಬೆಳಗಿನ ಜಾವಕ್ಕೆ ಕೆಂಪಗೆ ಊದಿಕೊಂಡು, ಹೊದಿಕೆಯ ಅಂಚು ತಗುಲಿದರೂ ಜೀವ ಹೋದಂತಾಗುವುದು ಗೌಟ್ ಎಂಬ ಕೀಲಿನ ಕಾಯಿಲೆಯ ಹಳೆಯ ಚಹರೆ. ಒಂದೆರಡು ವಾರಗಳಲ್ಲಿ ಈ ನೋವು ತಾನಾಗಿಯೇ ಇಳಿಯುವುದರಿಂದ ಅನೇಕರು ಕಾಯಿಲೆಯನ್ನೂ ಅಲ್ಲಿಗೇ ಮರೆಯುತ್ತಾರೆ. ಆದರೆ ರಕ್ತದಲ್ಲಿ ಯೂರಿಕ್ ಆಮ್ಲ ಎಂಬ ತ್ಯಾಜ್ಯವಸ್ತು ಡೆಸಿಲೀಟರ್‌ಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದು ಕರಗಿದ ಸ್ಥಿತಿಯಲ್ಲಿ ಉಳಿಯಲಾರದೆ ಹರಳುಗಟ್ಟಬಹುದು, ಮತ್ತು ಹಾಗೆ ಕಟ್ಟಿದ ಹರಳುಗಳು ನೋವಿಲ್ಲದ ತಿಂಗಳುಗಳಲ್ಲೂ ಕೀಲಿನೊಳಗೆ ಕುಳಿತೇ ಇರುತ್ತವೆ.

ಮೊದಲ ಹೆಜ್ಜೆ, ಇದು ಗೌಟೇ ಎಂದು ಖಚಿತಪಡಿಸಿಕೊಳ್ಳುವುದು. ಕೀಲಿನ ದ್ರವವನ್ನು ಸೂಜಿಯಿಂದ ತೆಗೆದು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಇಟ್ಟರೆ ಸೂಜಿಯಾಕಾರದ ಹರಳುಗಳು ಹೊಳೆಯುತ್ತವೆ; 1961ರಲ್ಲಿ ಅಮೆರಿಕದ ವೈದ್ಯರಾದ ಮೆಕಾರ್ಟಿ ಮತ್ತು ಹಾಲೆಂಡರ್ ತೋರಿಸಿಕೊಟ್ಟ ಈ ವಿಧಾನವೇ ಇಂದಿಗೂ ಅಂತಿಮ ಸಾಕ್ಷಿ. ನೋವು ಉಲ್ಬಣಿಸಿರುವಾಗ ರಕ್ತದ ಯೂರಿಕ್ ಆಮ್ಲ ಸಹಜ ಮಟ್ಟದಲ್ಲೇ ಕಾಣಬಹುದಾದ್ದರಿಂದ, ಆಗಿನ ವರದಿಯನ್ನು ನಂಬಿ ಕೂರದೆ ಕೆಲವು ವಾರಗಳ ನಂತರ ಮತ್ತೆ ಪರೀಕ್ಷಿಸಬೇಕು. ಊತದ ಜೊತೆ ಜ್ವರವೂ ಇದ್ದರೆ ಕೀಲಿಗೆ ಸೋಂಕು ತಗುಲಿರುವ ಸಾಧ್ಯತೆಯಿದೆ. ಅದು ಕಾಯುವ ವಿಷಯವಲ್ಲ.

ಎರಡನೆಯದು, ಪರೀಕ್ಷೆಗೆ ರಕ್ತ ಕೊಡುವಾಗಲೇ ಮೂತ್ರಪಿಂಡದ ಸ್ಥಿತಿಯನ್ನು ಹೇಳುವ ಕ್ರಿಯಾಟಿನಿನ್, ಸಕ್ಕರೆ, ಕೊಬ್ಬಿನಂಶಗಳನ್ನು ನೋಡಿಸಿ, ಮೂತ್ರದಲ್ಲಿ ಸೋರುವ ಅಲ್ಬುಮಿನ್ ಎಂಬ ಪ್ರೋಟೀನ್ ಮತ್ತು ರಕ್ತದೊತ್ತಡವನ್ನೂ ಅಳೆಸುವುದು. ದೇಹದ ಯೂರಿಕ್ ಆಮ್ಲದ ಸುಮಾರು ಮೂರನೇ ಎರಡು ಪಾಲು ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿದ್ದಾಗ ರಕ್ತದಲ್ಲಿ ಏರುವ ಇನ್ಸುಲಿನ್, ಹೊರಹೋಗಬೇಕಾದ ಯೂರಿಕ್ ಆಮ್ಲವನ್ನು ಮೂತ್ರಪಿಂಡಗಳು ಮತ್ತೆ ಹೀರಿಕೊಳ್ಳುವಂತೆ ಮಾಡುತ್ತದೆ. ಬೊಜ್ಜು, ಮಧುಮೇಹ ಮತ್ತು ಗೌಟ್ ಒಬ್ಬರಲ್ಲೇ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಯೂರಿಕ್ ಆಮ್ಲವನ್ನು ಇಳಿಸಿದರೆ ಮೂತ್ರಪಿಂಡ ಉಳಿಯುತ್ತದೆಯೇ? ಬಹುಕಾಲ ಹಾಗೆಂದೇ ಆಶಿಸಲಾಗಿತ್ತು. 2020ರಲ್ಲಿ ಪ್ರಕಟವಾದ ಪರ್ಲ್ ಮತ್ತು ಸಿಕೆಡಿ-ಫಿಕ್ಸ್ ಎಂಬ ಎರಡು ಪ್ರಯೋಗಗಳಲ್ಲಿ ಅಲೋಪ್ಯುರಿನಾಲ್ ಎಂಬ ಗೌಟ್ ಔಷಧ ಯೂರಿಕ್ ಆಮ್ಲವನ್ನು ತಗ್ಗಿಸಿತಾದರೂ ಮೂತ್ರಪಿಂಡದ ಕುಸಿತವನ್ನು ನಿಧಾನಗೊಳಿಸಲಿಲ್ಲ. ಆದ್ದರಿಂದ ಗೌಟ್ ಇಲ್ಲದವರು ವರದಿಯ ಅಂಕಿಯೊಂದನ್ನೇ ನೋಡಿ ಮೂತ್ರಪಿಂಡಕ್ಕಾಗಿ ಮಾತ್ರೆ ನುಂಗುವುದಕ್ಕೆ ಸದ್ಯ ಗಟ್ಟಿಯಾದ ಆಧಾರವಿಲ್ಲ. ಗೌಟ್ ಇರುವವರ ಮಾತು ಬೇರೆ. ಅವರ ಮೂತ್ರಪಿಂಡಗಳಿಗೆ ಯೂರಿಕ್ ಆಮ್ಲದ ಕಲ್ಲುಗಳಂತೆಯೇ, ಪ್ರತಿ ಸಲ ನುಂಗುವ ನೋವುನಿವಾರಕಗಳೂ ಅಪಾಯ ತರುತ್ತವೆ.

ಮೂರನೆಯದೇ ಕಷ್ಟದ ಹೆಜ್ಜೆ. ಪದೇ ಪದೇ ನೋವು ಮರುಕಳಿಸುವವರಿಗೆ ವೈದ್ಯರು ಅಲೋಪ್ಯುರಿನಾಲನ್ನು ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿಂದ, ಮೂತ್ರಪಿಂಡ ದುರ್ಬಲವಾಗಿದ್ದರೆ ಇನ್ನೂ ಕಡಿಮೆಯಿಂದ, ಆರಂಭಿಸಿ ರಕ್ತದ ಯೂರಿಕ್ ಆಮ್ಲ ಡೆಸಿಲೀಟರ್‌ಗೆ 6 ಮಿಲಿಗ್ರಾಂಗಿಂತ ಕೆಳಗಿಳಿಯುವ ತನಕ ಹಂತಹಂತವಾಗಿ ಏರಿಸುತ್ತಾರೆ. ಹಳೆಯ ಹರಳುಗಳು ಕರಗತೊಡಗಿದಾಗ ನೋವು ಮತ್ತೆ ಕೆರಳಬಹುದು. ‘ಮಾತ್ರೆಯಿಂದಲೇ ಹೆಚ್ಚಾಯಿತು’ ಎಂದು ರೋಗಿಗಳು ಔಷಧ ಬಿಡುವುದು ಸರಿಯಾಗಿ ಇಲ್ಲಿಯೇ. ಇದನ್ನು ತಡೆಯಲೆಂದೇ ಮೊದಲ 3ರಿಂದ 6 ತಿಂಗಳು ಕಾಲ್ಚಿಸಿನ್‌ನಂಥ ಉರಿಯೂತ ತಗ್ಗಿಸುವ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಜೊತೆಗೆ ಕೊಡುತ್ತಾರೆ. ಮೈಮೇಲೆ ದದ್ದು ಎದ್ದರೆ ಮಾತ್ರ ಅಲೋಪ್ಯುರಿನಾಲನ್ನು ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಪಥ್ಯದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಬಿಯರ್ ಮತ್ತು ಸಿಹಿ ಪಾನೀಯಗಳನ್ನು ಬಿಡುವುದು ಒಳ್ಳೆಯದೇ, ಆದರೆ ಪಥ್ಯವೊಂದರಿಂದಲೇ ಗುರಿ ಮುಟ್ಟುವವರು ಕಡಿಮೆ. ಅದಕ್ಕಿಂತ ಬೇರೆ ಕಾಯಿಲೆಗಳಿಗೆ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನು ವೈದ್ಯರ ಮುಂದಿಡುವುದು ಹೆಚ್ಚು ಉಪಯುಕ್ತ: ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್ ಯೂರಿಕ್ ಆಮ್ಲವನ್ನು ಏರಿಸಿದರೆ, ಲೋಸಾರ್ಟನ್ ತುಸು ಇಳಿಸುತ್ತದೆ. ಮಧುಮೇಹಕ್ಕೂ ಮೂತ್ರಪಿಂಡಕ್ಕೂ ಬಳಕೆಯಾಗುವ ಎಸ್‌ಜಿಎಲ್‌ಟಿ2 ತಡೆ ಔಷಧಗಳೂ ಅದನ್ನು ತಗ್ಗಿಸುತ್ತವೆ. ಯಾವುದನ್ನೂ ತಾವಾಗಿಯೇ ಬದಲಿಸಬಾರದು.

ಗುರಿ ಮುಟ್ಟಿದ ಮೇಲೂ ಆರು ತಿಂಗಳಿಗೊಮ್ಮೆ ಯೂರಿಕ್ ಆಮ್ಲ ಮತ್ತು ಕ್ರಿಯಾಟಿನಿನ್‌ಗಳನ್ನು ಒಟ್ಟಿಗೆ ನೋಡಿಸಿ, ಎರಡು ಅಂಕಿಗಳನ್ನೂ ದಿನಾಂಕದೊಡನೆ ಒಂದೇ ಪುಟದಲ್ಲಿ ಬರೆದಿಡಬೇಕು.