ಮೊಳಕೆಕಾಳಿನ ಮಂದ ಬೆಳಕನ್ನು ಅಳೆಯುವ ಬಗೆ ಮತ್ತು ಆರೋಗ್ಯದ ಬಗೆಗಿನ ಹೇಳಿಕೆಗಳನ್ನು ತೂಗುವ ಬಗೆ

ಜೀವಕೋಶಗಳು ಬೆಳಕು ಸೂಸುತ್ತವೆ ಎಂದೊಡನೆ ನಮಗೆ ನೆನಪಾಗುವುದು ಮಿಂಚುಹುಳು. ಆದರೆ ಮಿಂಚುಹುಳುವಿನ ಬೆಳಕಿಗೆ ಲೂಸಿಫೆರಿನ್ ಎಂಬ ವಸ್ತುವೂ ಅದನ್ನು ಉರಿಸುವ ಲೂಸಿಫೆರೇಸ್ ಎಂಬ ಕಿಣ್ವವೂ ಬೇಕು. ಇಲ್ಲಿ ಹೇಳುತ್ತಿರುವ, ಜೀವಕೋಶಗಳೆಲ್ಲ ಸೂಸುವ ಅತಿ ಮಂದ ಬೆಳಕಿಗೆ ಅಂತಹ ಯಾವ ವಿಶೇಷ ಏರ್ಪಾಡೂ ಇಲ್ಲ. ಕೋಶದ ಉಸಿರಾಟದಲ್ಲಿ ಹುಟ್ಟುವ ಚುರುಕಾದ ಆಮ್ಲಜನಕ ಸಂಯುಕ್ತಗಳು ಕೊಬ್ಬನ್ನೂ ಪ್ರೋಟೀನನ್ನೂ ಉತ್ಕರ್ಷಿಸಿದಾಗ, ಉದ್ರಿಕ್ತ ಸ್ಥಿತಿಯ, ಅಂದರೆ ಹೆಚ್ಚುವರಿ ಶಕ್ತಿ ತುಂಬಿದ ಕಾರ್ಬೊನಿಲ್ ಅಣುಗಳು ಮತ್ತು ಸಿಂಗ್ಲೆಟ್ ಆಮ್ಲಜನಕ ಎಂಬ ಹೆಚ್ಚು ಶಕ್ತಿಯ ಆಮ್ಲಜನಕ ಉಂಟಾಗುತ್ತವೆ. ಅವು ಮೊದಲಿನ ಸ್ಥಿತಿಗೆ ಮರಳುವಾಗ ಅಪರೂಪಕ್ಕೊಮ್ಮೆ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಹೊರಬೀಳುತ್ತದೆ. ಒಂದು ಚದರ ಸೆಂಟಿಮೀಟರಿನಿಂದ ಸೆಕೆಂಡಿಗೆ ಕೆಲವೇ ಫೋಟಾನುಗಳಿಂದ ಹಿಡಿದು ಕೆಲವು ನೂರರವರೆಗೆ ಬರುವ ಈ ಬೆಳಕು ಎಂತಹ ಕತ್ತಲೆಯಲ್ಲಿಯೂ ಕಣ್ಣಿಗೆ ಕಾಣದು. ದೇಹದ ಶಾಖದಿಂದ ಹೊರಡುವ ಅವಕೆಂಪು ವಿಕಿರಣವೂ ಇದಲ್ಲ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ತರಂಗಾಂತರ ಹೆಚ್ಚುಕಡಿಮೆ 9 ಮೈಕ್ರೋಮೀಟರಿನಷ್ಟು ಉದ್ದವಿರುತ್ತದೆ, ಈ ಬೆಳಕಾದರೋ ಬಹುಪಾಲು ಕಣ್ಣಿಗೆ ಕಾಣುವ ಬಣ್ಣಗಳ ವ್ಯಾಪ್ತಿಯಲ್ಲೇ ಇರುತ್ತದೆ.

ಫೋಟಾನುಗಳನ್ನು ಒಂದೊಂದಾಗಿ ಎಣಿಸುವ ಫೋಟೋಮಲ್ಟಿಪ್ಲೈಯರ್ ನಳಿಗೆ ಇರುವ ಕಾಲೇಜು ಪ್ರಯೋಗಾಲಯದಲ್ಲಿ ಇದನ್ನು ಅಳೆಯಬಹುದು. 1954ರಲ್ಲಿ ಇಟಲಿಯ ಕೊಲ್ಲಿ ಮತ್ತು ಫಾಕ್ಕಿನಿ ಎಂಬ ವಿಜ್ಞಾನಿಗಳು ಇಂತಹ ಉಪಕರಣದಿಂದಲೇ ಮೊಳೆಯುವ ಬೀಜಗಳ ಬೆಳಕನ್ನು ದಾಖಲಿಸಿದರು. ನಮಗೆ ಹೆಸರುಕಾಳು ಸಾಕು. ಕಾಳನ್ನು ನೆನೆಸುವುದರಿಂದ ಹಿಡಿದು ಮೊಳಕೆ ಬರುವವರೆಗೂ ಸಂಪೂರ್ಣ ಕತ್ತಲೆಯಲ್ಲೇ ಇಡಬೇಕು. ಹಸಿರು ಬಂದ ಮೊಳಕೆಯಲ್ಲಿ ಪತ್ರಹರಿತ್ತು ತಾನು ಹೀರಿದ ಬೆಳಕನ್ನು ನಿಧಾನವಾಗಿ ಹಿಂದಿರುಗಿಸುತ್ತಿರುತ್ತದೆ, ಅದು ನಮಗೆ ಬೇಕಾದ ಬೆಳಕನ್ನು ಮುಚ್ಚಿಹಾಕುತ್ತದೆ. ಮೊಳಕೆಯನ್ನು ಬಟ್ಟಲಿಗೆ ವರ್ಗಾಯಿಸುವಾಗ ಬೆಳಕು ಬೇಕೇಬೇಕೆಂದಾದರೆ ತೀರ ಮಂದವಾದ ಹಸಿರು ದೀಪವನ್ನು ಕ್ಷಣಕಾಲ ಬಳಸಬಹುದು. ಪ್ಲಾಸ್ಟಿಕ್ ಬಟ್ಟಲು, ಬಿಳಿ ಕಾಗದ, ಬಿಳುಪು ಹೊಳೆಯಿಸುವ ಹೊಳಪುಕಾರಕ ಹಾಕಿ ಒಗೆದ ಬಟ್ಟೆ ಇವೆಲ್ಲ ಕೋಣೆಯ ಬೆಳಕನ್ನು ಹೀರಿ ಬಹಳ ಹೊತ್ತು ಹೊಮ್ಮಿಸಬಲ್ಲವು. ಆದ್ದರಿಂದ ಗಾಜಿನ ಬಟ್ಟಲನ್ನೇ ಆರಿಸಿ, ಅದನ್ನೂ ಹಿಂದಿನ ರಾತ್ರಿಯಿಂದ ಕತ್ತಲೆಯಲ್ಲಿಡುವುದು ಕ್ಷೇಮ.

ಉಪಕರಣಕ್ಕೆ ವಿದ್ಯುತ್ ಹರಿಯುತ್ತಿರುವಾಗ, ನಳಿಗೆಯನ್ನೂ ಬಟ್ಟಲನ್ನೂ ಇರಿಸುವ, ಬೆಳಕು ನುಸುಳದ ಪೆಟ್ಟಿಗೆಯ ಬಾಗಿಲನ್ನು ಎಂದಿಗೂ ತೆರೆಯಬಾರದು. ಕೋಣೆಯ ಬೆಳಕು ಒಮ್ಮೆಲೇ ಒಳನುಗ್ಗಿದರೆ ನಳಿಗೆಯೇ ಹಾಳಾಗಬಹುದು. ವಿದ್ಯುತ್ ಆರಿಸಿದ್ದಾಗ ಬೆಳಕು ಬಿದ್ದಿದ್ದರೂ ಎಣಿಕೆ ತನ್ನ ಎಂದಿನ ಮಟ್ಟಕ್ಕೆ ಇಳಿಯಲು ಗಂಟೆಗಟ್ಟಲೆ ಬೇಕಾಗಬಹುದು; ಅಲ್ಲಿಯವರೆಗೆ ಕಾಯಬೇಕು.

ನಳಿಗೆ ಏನೂ ಕಾಣದಿರುವಾಗಲೂ ಎಣಿಸುತ್ತಲೇ ಇರುತ್ತದೆ ಎಂಬುದೇ ಈ ಕೆಲಸದ ಮುಖ್ಯ ತೊಡಕು. ಈ ಕತ್ತಲೆಯ ಎಣಿಕೆ ನಳಿಗೆ ಬಿಸಿಯಾದಷ್ಟೂ ಏರುತ್ತದೆ. ತಂಪುಗೊಳಿಸುವ ವ್ಯವಸ್ಥೆ ಇದ್ದರೆ ಬಳಸಿ, ಇಲ್ಲದಿದ್ದರೆ ಕೋಣೆಯ ಉಷ್ಣತೆಯನ್ನಾದರೂ ಸ್ಥಿರವಾಗಿಡಿ. ಉದಾಹರಣೆಗೆ, ಕತ್ತಲೆಯ ಎಣಿಕೆ ಸೆಕೆಂಡಿಗೆ 20 ಇದ್ದು, ಮೊಳಕೆ ಇಟ್ಟಾಗ 26 ಆಯಿತೆನ್ನಿ. ಎಣಿಕೆಯ ಸಹಜ ಏರಿಳಿತ ಅದರ ವರ್ಗಮೂಲದಷ್ಟಿರುವುದರಿಂದ, ಒಂದೇ ಸೆಕೆಂಡಿನ ಅಳತೆಯಲ್ಲಿ ಆ 6ರ ವ್ಯತ್ಯಾಸಕ್ಕೆ ಯಾವ ಬೆಲೆಯೂ ಇಲ್ಲ. ಅದನ್ನೇ 1000 ಸೆಕೆಂಡು ಎಣಿಸಿದರೆ 26,000 ಮತ್ತು 20,000 ದೊರೆತು, 6,000ದ ವ್ಯತ್ಯಾಸಕ್ಕೆ ಎದುರಾಗಿ ಸುಮಾರು 215ರ ಅನಿಶ್ಚಿತತೆ ಮಾತ್ರ ಉಳಿಯುತ್ತದೆ. ಆಗ ಬೆಳಕು ಬಂದಿದೆ ಎಂದು ನಂಬಬಹುದು. ಖಾಲಿ ಬಟ್ಟಲು, ನೀರು ಮಾತ್ರ ಇರುವ ಬಟ್ಟಲು, ಮೊಳಕೆ ಇರುವ ಬಟ್ಟಲು ಇವನ್ನು ಸರದಿಯಂತೆ ಬದಲಿಸುತ್ತ ಹಲವು ಸುತ್ತು ಅಳೆಯಬೇಕು, ಏಕೆಂದರೆ ಬೆಳಿಗ್ಗೆ ಖಾಲಿ ಬಟ್ಟಲನ್ನೂ ಮಧ್ಯಾಹ್ನ ಮೊಳಕೆಯನ್ನೂ ಅಳೆದವರು ಕಾಣುವ ವ್ಯತ್ಯಾಸ ಕೋಣೆಯ ಬಿಸಿಯದ್ದೂ ಆಗಿರಬಹುದು.

ಇಷ್ಟಾದ ಮೇಲೆ ಸ್ವಲ್ಪ ಕಮಟು ಎಣ್ಣೆಯನ್ನೂ ಅದೇ ಪೆಟ್ಟಿಗೆಯಲ್ಲಿಟ್ಟು ನೋಡುವಂತೆ ನಾನು ಒತ್ತಾಯಿಸುತ್ತೇನೆ. ಗಾಳಿಯಲ್ಲಿ ಉತ್ಕರ್ಷಿಸುತ್ತಿರುವ ಎಣ್ಣೆಯೂ ಇದೇ ಬಗೆಯ ರಸಾಯನಕ್ರಿಯೆಯಿಂದ ಮಂದ ಬೆಳಕನ್ನು ಕೊಡುತ್ತದೆ. ಬೆಳಕು ಕಂಡಲ್ಲೆಲ್ಲ ಜೀವಶಕ್ತಿಯನ್ನು ಹುಡುಕುವ ಆತುರಕ್ಕೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಮನುಷ್ಯದೇಹದ ಬೆಳಕನ್ನು ಜಪಾನಿನ ಕೊಬಯಾಶಿ ಮತ್ತು ಸಂಗಡಿಗರು ತೀವ್ರವಾಗಿ ತಂಪುಗೊಳಿಸಿದ ಕ್ಯಾಮೆರಾದಿಂದ ಚಿತ್ರಿಸಿ 2009ರಲ್ಲಿ ಪ್ರಕಟಿಸಿದರು. ಆ ಬೆಳಕು ಕಣ್ಣಿನ ಗ್ರಹಣಶಕ್ತಿಗಿಂತ ಸಾವಿರ ಪಟ್ಟು ಮಂದವಾಗಿತ್ತು, ದಿನದ ಹೊತ್ತಿಗೆ ತಕ್ಕಂತೆ ಬದಲಾಗಿ ಸಂಜೆ 4ರ ಸುಮಾರಿಗೆ ಹೆಚ್ಚಾಗಿತ್ತು, ದೇಹದ ಇತರ ಭಾಗಕ್ಕಿಂತ ಮುಖದಲ್ಲಿ ಹೆಚ್ಚಿತ್ತು. ಆದರೆ ಅಳತೆಗೆ ಒಳಪಟ್ಟವರು ಐವರು ಆರೋಗ್ಯವಂತ ಯುವಕರು ಮಾತ್ರ. ಕೆನಡಾದ ಕ್ಯಾಲ್ಗರಿಯ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜೀವಂತ ಇಲಿಗಳ ಬೆಳಕು ಸತ್ತ ನಂತರ ಬಹಳವಾಗಿ ಕುಗ್ಗಿತು, ಎಲೆಗಳಲ್ಲಿ ಗಾಯವಾದ ಜಾಗ ಹೆಚ್ಚು ಬೆಳಗಿತು. ಗಾಯ, ಬಿಸಿ, ಬಿಸಿಲು ಇಂತಹ ಒತ್ತಡಗಳಿಂದ ಉತ್ಕರ್ಷಣ ಹೆಚ್ಚಿದಾಗ ಬೆಳಕೂ ಹೆಚ್ಚುವುದರಿಂದ, ಚರ್ಮವನ್ನು ಮುಟ್ಟದೆ, ಯಾವ ಬಣ್ಣವನ್ನೂ ಹಾಕದೆ ಅಂಗಾಂಶದ ಸ್ಥಿತಿಯನ್ನು ಅರಿಯುವ ಸಾಧನ ಮುಂದೆ ಸಿಗಬಹುದೆಂಬ ಆಸೆಗೆ ಆಧಾರವಿದೆ. ಗಮನಿಸಿ, ಇಲ್ಲಿ ಹೆಚ್ಚು ಬೆಳಕು ಎಂದರೆ ಹೆಚ್ಚು ಆರೋಗ್ಯವಲ್ಲ. ಅನೇಕ ಸಲ ಅದರ ವಿರುದ್ಧವೇ ನಿಜ.

ಈ ಕ್ಷೇತ್ರದ ಚರಿತ್ರೆಯೂ ಎಚ್ಚರ ಹೇಳುತ್ತದೆ. 1923ರಲ್ಲಿ ರಷ್ಯಾದ ಜೀವವಿಜ್ಞಾನಿ ಗುರ್ವಿಚ್ ಒಂದು ಈರುಳ್ಳಿ ಬೇರಿನಿಂದ ಹೊರಟ ಅತಿನೇರಳೆ ಕಿರಣ ಇನ್ನೊಂದು ಬೇರಿನ ಕೋಶವಿಭಜನೆಯನ್ನು ಹೆಚ್ಚಿಸುತ್ತದೆ ಎಂದರು. ಅನೇಕರು ಪ್ರಯೋಗವನ್ನು ಪುನರಾವರ್ತಿಸಿ ಸೋತರು, 1953ರ ಉಪನ್ಯಾಸವೊಂದರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಲ್ಯಾಂಗ್‌ಮ್ಯೂರ್ ಅದನ್ನು ರೋಗಗ್ರಸ್ತ ವಿಜ್ಞಾನದ, ಅಂದರೆ ಸಂಶೋಧಕರು ತಮ್ಮ ಆಸೆಯಿಂದ ತಾವೇ ಮೋಸಹೋಗುವ ವಿಜ್ಞಾನದ, ಉದಾಹರಣೆಯಾಗಿ ಎತ್ತಿಕೊಂಡರು. 1970ರ ದಶಕದಿಂದ ಜರ್ಮನಿಯ ಭೌತವಿಜ್ಞಾನಿ ಪಾಪ್ ಈ ಬೆಳಕು ಲೇಸರಿನಂತೆ ಸುಸಂಗತವಾದದ್ದು, ಅಂದರೆ ಅದರ ಅಲೆಗಳೆಲ್ಲ ಒಂದೇ ಹೆಜ್ಜೆಯಲ್ಲಿ ಸಾಗುವಂಥದ್ದು, ಕೋಶಗಳ ನಡುವಿನ ಸಂದೇಶ ಎಂದು ವಾದಿಸಿದರು. ಅದನ್ನು ಇಂದಿಗೂ ಹೆಚ್ಚಿನ ವಿಜ್ಞಾನಿಗಳು ಒಪ್ಪಿಲ್ಲ, ಈ ಬೆಳಕಿಗಿಟ್ಟ ಬಯೋಫೋಟಾನ್ ಎಂಬ ಹೆಸರನ್ನು ಮಾತ್ರ ವ್ಯಾಪಾರಿಗಳು ಬಿಡದೆ ಹಿಡಿದಿದ್ದಾರೆ.

ಆದ್ದರಿಂದ ಬಯೋಫೋಟಾನ್ ಹಾಸಿಗೆ, ಪಟ್ಟಿ ಅಥವಾ ಚಿಕಿತ್ಸೆಯನ್ನು ಯಾರಾದರೂ ಮಾರಲು ಬಂದರೆ, ಮೊದಲು ಕತ್ತಲೆಯ ಎಣಿಕೆ ಎಷ್ಟಿತ್ತು, ಎಷ್ಟು ಹೊತ್ತು ಎಣಿಸಿದಿರಿ, ಚರ್ಮಕ್ಕೆ ಮುಲಾಮು ಹಚ್ಚಿತ್ತೇ, ಬಿಸಿಲಿನಿಂದ ಬಂದವರನ್ನು ಕತ್ತಲೆಯಲ್ಲಿ ಕೂರಿಸಿದ್ದಿರಾ ಎಂದು ಕೇಳಿ. ಬಣ್ಣಬಣ್ಣದ ಪ್ರಭಾವಳಿಯ ಚಿತ್ರ ತೋರಿಸಿದರೆ, ಅದನ್ನು ತೆಗೆಯುವಾಗ ಬೆರಳಿನ ಬಳಿ ಅಧಿಕ ವೋಲ್ಟೇಜ್ ಇತ್ತೇ ಎಂದು ವಿಚಾರಿಸಿ. ಇದ್ದರೆ ಅದು ಕಿರ್ಲಿಯನ್ ಚಿತ್ರ, ಅಂದರೆ ಗಾಳಿಯಲ್ಲಿ ವಿದ್ಯುತ್ ಹರಿದಾಗ ಮೂಡಿದ ಹೊಳಪೇ ಹೊರತು ಕೋಶದ ಬೆಳಕಲ್ಲ. ರೋಗವನ್ನು ಗುರುತಿಸುತ್ತದೆ ಎನ್ನುವವರು ರೋಗಿಗಳನ್ನೂ ಆರೋಗ್ಯವಂತರನ್ನೂ, ಯಾರು ಯಾರೆಂದು ಅಳೆಯುವವರಿಗೆ ತಿಳಿಸದೆ, ದಿನದ ಒಂದೇ ಹೊತ್ತಿನಲ್ಲಿ ಹೋಲಿಸಿದ ಅಂಕಿಗಳನ್ನು ತೋರಿಸಬೇಕು. ಅದು ದೊರೆಯುವ ತನಕ ವೈದ್ಯರು ಹೇಳಿದ ರಕ್ತಪರೀಕ್ಷೆಯನ್ನಾಗಲಿ ಔಷಧಿಯನ್ನಾಗಲಿ ಇದರ ಸಲುವಾಗಿ ಮುಂದೂಡಬೇಡಿ.